ಬ್ರೇಕ್ ಒತ್ತಿದವನು

"ಒತ್ತಿಲ್ಲ ಸರ್."

ಆ ಎರಡು ಪದ ಹೇಳಿದ ಬಾಕ್ಸಕ್ಕನಿಗೇ ಅದನ್ನು ನಂಬಲಾಗಲಿಲ್ಲ. ಮಂಡಿಯ ಮೇಲಿದ್ದ ಸ್ಕ್ಯಾನರಿನ ಪರದೆಯನ್ನು ಇನ್ನೊಂದು ಸಲ ನೋಡಿದಳು. ಡಿಕ್ಕಿಗೆ ಮೊದಲಿನ ಐದು ಸೆಕೆಂಡು, ಐದು ಸಾಲು. ವೇಗ ಅರವತ್ತೆರಡು, ಎಪ್ಪತ್ತು, ಎಪ್ಪತ್ತೊಂಬತ್ತು, ಎಂಬತ್ತೇಳು, ತೊಂಬತ್ತಮೂರು. ಎಂಜಿನ್ ಎಳೆಯುತ್ತಿದ್ದದ್ದು ನೂರಕ್ಕೆ ನೂರು. ಬ್ರೇಕ್ ಎಂಬಲ್ಲಿ ಐದೂ ಸಾಲಿನಲ್ಲಿ ಒಂದೇ ಉತ್ತರ, ಇಲ್ಲ.

ಇನ್ಸ್‌ಪೆಕ್ಟರ್, ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ ಪೇದೆಯ ಕಡೆ ತಿರುಗಿ, ಪರದೆ ಸರಿಯಾಗಿ ಬರುತ್ತಿದೆಯಾ ಎಂದು ಮಾತ್ರ ವಿಚಾರಿಸಿದರು. ಬರುತ್ತಿದೆ ಎಂದ ಅವನು. ಹಾಳಾದವನು, ಕೈ ಕೂಡ ಅಲ್ಲಾಡಿಸದೆ ಹಿಡಿದಿದ್ದ.

ಠಾಣೆಯ ಹಿಂದಿನ ತಗಡಿನ ಶೆಡ್ಡು ಮಧ್ಯಾಹ್ನದ ಬಿಸಿಲಿಗೆ ಕಾದು ಹೋಗಿತ್ತು. ಮೂತಿ ಅಪ್ಪಚ್ಚಿಯಾದ ಬೂದುಬಣ್ಣದ ಕಾರಿನ ಚಾಲಕನ ಸೀಟಿನಲ್ಲಿ ಕೂತಿದ್ದಳು ಅವಳು. ಮೂರು ದಿನದ ಹಿಂದೆ ಇದೇ ಸೀಟಿನಲ್ಲಿ ಕೂತಿದ್ದವನು ಅವಳ ಒಡಹುಟ್ಟಿದ ತಮ್ಮ. ಕಾರು ಸೇತುವೆಯ ಕಟ್ಟೆಗೆ ಗುದ್ದಿತ್ತು. ಪಕ್ಕದ ಸೀಟಿನಲ್ಲಿದ್ದ ಕಾರಿನ ಯಜಮಾನರು, ವಿಮಾ ಕಂಪನಿಗೆ ಗುದ್ದಿದ ಗಾಡಿಗಳ ನಷ್ಟ ಅಂದಾಜು ಮಾಡುವ ಸರ್ವೇಯರ್, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

"ಬ್ರೇಕ್ ಒತ್ತಿದೆ ಅಕ್ಕಾ, ಪೆಡಲ್ ಕಲ್ಲಿನ ಹಾಗೆ ನಿಂತುಬಿಟ್ಟಿತು," ಎಂದು ಅವತ್ತು ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಹೇಳಿದ್ದ ತಮ್ಮ. ಮರುದಿನದಿಂದ ತುಟಿ ಪಿಟಕ್ಕೆಂದಿಲ್ಲ. ಅವನ ಪೊಲೀಸ್ ಕಸ್ಟಡಿ ಈ ದಿನ ಸಂಜೆ ಐದಕ್ಕೆ ಮುಗಿಯುತ್ತದೆ. ಆಮೇಲೆ ಜೈಲು, ಇಲ್ಲವೇ ಮನೆ. ಎರಡರಲ್ಲಿ ಯಾವುದು ಎಂಬುದು ಈ ಕಾರಿನೊಳಗಿನ ಬಾಕ್ಸು ಏನು ಹೇಳುತ್ತದೋ ಅದರ ಮೇಲೆ ನಿಂತಿತ್ತು.

ಈಗಿನ ಕಾರುಗಳಲ್ಲಿ ಎಂಜಿನ್ನಿಗೊಂದು, ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು, ಕೊನೆಗೆ ಕಿಟಕಿಯ ಗಾಜು ಏರಿಸುವುದಕ್ಕೂ ಒಂದೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಕಂಪನಿಯವರು ಅವಕ್ಕೆ ಮಾರುದ್ದದ ಹೆಸರಿಟ್ಟಿದ್ದಾರೆ. ಗ್ಯಾರೇಜಿನವರಿಗೆ ಎಲ್ಲವೂ ಬಾಕ್ಸ್. ಕೆಟ್ಟ ಬಾಕ್ಸುಗಳನ್ನು ಮೇಜಿನ ಮೇಲಿಟ್ಟು ಬಿಚ್ಚಿ, ಬೆಸುಗೆ ಹಾಕಿ, ಹೊಸ ಪ್ರೋಗ್ರಾಮ್ ಬರೆದು ಜೀವ ಕೊಡುವವಳು ಬಾಕ್ಸಕ್ಕ. ಅವಳ ನಿಜವಾದ ಹೆಸರು ರೇಷನ್ ಕಾರ್ಡಿಗೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ.

ಆರೋಪಿಯ ಅಕ್ಕನ ಕೈಯಲ್ಲೇ ಸಾಕ್ಷಿ ಓದಿಸುವುದು ಸರಿಯಲ್ಲ ಎಂದು ಇನ್ಸ್‌ಪೆಕ್ಟರಿಗೂ ಗೊತ್ತಿತ್ತು. ಆದರೆ ಸರ್ಕಾರಿ ತಜ್ಞ ಬರುವುದಕ್ಕೆ ಹತ್ತು ದಿನ ಬೇಕಂತೆ. ನೀವು ಓದಿ, ಪೇದೆ ವಿಡಿಯೋ ಮಾಡುತ್ತಾನೆ, ಒಂದು ಅಂಕಿ ಆಚೀಚೆಯಾದರೂ ಅಕ್ಕ ತಮ್ಮ ಇಬ್ಬರಿಗೂ ಒಂದೇ ಕೋಣೆ ಎಂದು ಮೊದಲೇ ಹೇಳಿದ್ದರು. ನಗುತ್ತಲೇ ಹೇಳಿದ್ದರು, ಆದರೆ ತಮಾಷೆಗೆ ಹೇಳಿರಲಿಲ್ಲ.

ಈಗ ಪೆನ್ನು ತೆಗೆದು ಕಡತ ಬಿಡಿಸಿದರು. "ಹಾಗಾದ್ರೆ ಬರ್ಕೊಳ್ಳಲಾ ಅಮ್ಮಾ? ಬ್ರೇಕ್ ಒತ್ತಿಲ್ಲ?"

"ಹತ್ತು ನಿಮಿಷ ಕೊಡಿ ಸರ್."

ಅವಳು ಕಾರಿನಿಂದಿಳಿದಳು. ತಮ್ಮ ಸುಳ್ಳು ಹೇಳುವವನಲ್ಲ. ಸುಳ್ಳು ಹೇಳಿದರೆ ಕಿವಿ ಕೆಂಪಗಾಗಿ ಸಿಕ್ಕಿಬೀಳುವ ಪೈಕಿ. ಬಾಕ್ಸೂ ಸುಳ್ಳು ಹೇಳುವುದಿಲ್ಲ, ಅದಕ್ಕೆ ಯಾರ ದಾಕ್ಷಿಣ್ಯವೂ ಇಲ್ಲ. ಹಾಗಾದರೆ ಬಾಕ್ಸಿಗೇ ಯಾರೋ ಸುಳ್ಳು ಹೇಳಿಕೊಟ್ಟಿರಬೇಕು.

ಕಾರಿನ ಹಿಂಭಾಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಸ್ಕ್ರೂಡ್ರೈವರಿನಿಂದ ಹಿಂದಿನ ಲೈಟಿನ ಮುಚ್ಚಳ ಬಿಚ್ಚಿ ಎರಡು ಬಲ್ಬು ತೆಗೆದಳು. ಒಂದು ರಿವರ್ಸ್ ಲೈಟಿನದು, ಇನ್ನೊಂದು ಬ್ರೇಕ್ ಲೈಟಿನದು. ಶೆಡ್ಡಿನ ಬಾಗಿಲಿಗೆ ಬಂದು ಎರಡನ್ನೂ ಬಿಸಿಲಿಗೆ ಹಿಡಿದಳು. ಹಿಡಿದವಳು ಹಾಗೇ ನಿಂತುಬಿಟ್ಟಳು.

"ಸರ್, ಇಲ್ಲಿ ಬನ್ನಿ."

ರಿವರ್ಸ್ ಬಲ್ಬಿನೊಳಗಿನ ತಂತಿ ಸಣ್ಣ ಸ್ಪ್ರಿಂಗಿನಂತೆ ಬಿಗಿಯಾಗಿ ಸುತ್ತಿಕೊಂಡಿತ್ತು. ಬ್ರೇಕ್ ಬಲ್ಬಿನ ತಂತಿ ಮುಂದಕ್ಕೆ ಜಗ್ಗಿ, ಸುರುಳಿ ಬಿಚ್ಚಿ, ಜೋತುಬಿದ್ದಿತ್ತು. ಉರಿಯುತ್ತಿರುವ ಬಲ್ಬಿನ ತಂತಿ ಕಾದು ಮೆತ್ತಗಾಗಿರುತ್ತದೆ, ಗಾಡಿ ಗುದ್ದಿದ ಏಟಿಗೆ ಹೀಗೆ ಎಳೆದುಕೊಳ್ಳುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ತಣ್ಣಗಿದ್ದ ತಂತಿ ಎಳೆಯುವುದಿಲ್ಲ, ಇದ್ದ ಹಾಗೆ ಇರುತ್ತದೆ, ಇಲ್ಲ ತುಂಡಾಗುತ್ತದೆ. ಡಿಕ್ಕಿ ಹೊಡೆದ ಆ ಗಳಿಗೆಯಲ್ಲಿ ಬ್ರೇಕ್ ಲೈಟ್ ಉರಿಯುತ್ತಿತ್ತು.

"ಈ ಗಾಡಿಯಲ್ಲಿ ಪೆಡಲ್ಲಿನಿಂದ ಬಲ್ಬಿಗೆ ನೇರ ವೈರು ಸರ್. ಬಾಕ್ಸಿನ ಅಪ್ಪಣೆ ಬೇಡ. ನನ್ನ ತಮ್ಮ ಬ್ರೇಕ್ ಒತ್ತಿದ್ದ."

ಇನ್ಸ್‌ಪೆಕ್ಟರ್ ಎರಡು ಬಲ್ಬನ್ನೂ ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಧಿಕಾರಿ ಅವರು, ಅಂಥವರು ಸಿಗುವುದು ಅಪರೂಪ. ಬಲ್ಬು ಒತ್ತಿದ್ದ ಅನ್ನುತ್ತೆ, ಬಾಕ್ಸು ಒತ್ತಿಲ್ಲ ಅನ್ನುತ್ತೆ, ಇವೆರಡರ ಜಗಳದಲ್ಲಿ ನಾನು ಯಾರ ಪಕ್ಷ ಎಂದು ಕೇಳಿದರು.

ಉತ್ತರ ಕೊಡುವುದಕ್ಕೆ ಬಾಕ್ಸಕ್ಕ ಮತ್ತೆ ಕಾರಿನೊಳಗೆ ತೂರಿದಳು. ಈ ಸಲ ಕೇಬಲನ್ನು ಸಿಕ್ಕಿಸಿದ್ದು ಎಂಜಿನ್ನಿನ ಬಾಕ್ಸಿಗೆ. ಬ್ರೇಕ್ ಒತ್ತಿದೆಯೋ ಇಲ್ಲವೋ ಎಂಬ ಸುದ್ದಿಯನ್ನು, ಆ ಐದು ಸಾಲು ಬರೆದುಕೊಂಡ ಏರ್‌ಬ್ಯಾಗಿನ ಬಾಕ್ಸಿಗೆ ಮುಟ್ಟಿಸುವುದು ಅದೇ. ಚಾಡಿ ಹೇಳುವವನೇ ಸುಳ್ಳನಾದರೆ ಬರೆದುಕೊಂಡವನದೇನು ತಪ್ಪು?

ಪರದೆಯ ಮೇಲೆ ಮೊದಲು ಬಂದ ಸಾಲಿನ ಮೇಲೇ ಅವಳು ಬೆರಳಿಟ್ಟಳು. ಕೋಡ್ ಅಳಿಸಿದ ಮೇಲೆ ಓಡಿದ ದೂರ, ಒಂಬತ್ತು ಕಿಲೋಮೀಟರ್.

ಇದು ಹೊರಗಿನವರಿಗೆ ಅರ್ಥವಾಗುವ ಮಾತಲ್ಲ, ಅವಳು ಇನ್ಸ್‌ಪೆಕ್ಟರಿಗೆ ವಿವರಿಸಬೇಕಾಯಿತು. ಗಾಡಿಯಲ್ಲಿ ಏನು ಕೆಟ್ಟರೂ ಬಾಕ್ಸು ಒಂದು ಕೋಡ್ ಬರೆದಿಟ್ಟುಕೊಳ್ಳುತ್ತದೆ. ರಿಪೇರಿ ಮುಗಿದ ಮೇಲೆ ಮೆಕ್ಯಾನಿಕ್ ಅದನ್ನು ಅಳಿಸುತ್ತಾನೆ. ಅಳಿಸುವುದಕ್ಕೆ ಏನೂ ಇಲ್ಲದಿದ್ದರೂ ಅಳಿಸುತ್ತಾನೆ. ಊಟವಾದ ಮೇಲೆ ಕೈ ತೊಳೆದಂತೆ ಅದು, ಯಾರೂ ಯೋಚಿಸಿ ಮಾಡುವುದಿಲ್ಲ. ಅಳಿಸಿದ ಕ್ಷಣದಿಂದ ಬಾಕ್ಸು ಸುಮ್ಮನೆ ಕಿಲೋಮೀಟರ್ ಎಣಿಸುತ್ತ ಹೋಗುತ್ತದೆ.

"ಈ ಗಾಡಿಗೆ ಕೈ ಹಾಕಿದವನು ಅಳಿಸದೆ ಬಿಟ್ಟಿದ್ರೆ ನಮಗೆ ಏನೂ ಸಿಗ್ತಾ ಇರಲಿಲ್ಲ. ಅಳಿಸಿದ್ದಕ್ಕೇ ಸಿಕ್ಕಿಬಿದ್ದ. ಇವನು ನಮ್ಮವನೇ ಸರ್, ಕಸುಬಿನವನು."

ಇನ್ಸ್‌ಪೆಕ್ಟರ್ ಕಡತ ಮಗುಚಿ ಹಾಕಿದರು. ಸೇತುವೆಗೂ ಗ್ಯಾರೇಜಿಗೂ ನಡುವಿನ ದೂರವನ್ನು ಅವರು ಮೊದಲ ದಿನವೇ ಜೀಪಿನಲ್ಲಿ ಅಳೆಸಿದ್ದರು. ಒಂಬತ್ತು ಕಿಲೋಮೀಟರ್.

ಗ್ಯಾರೇಜು ಎಂದರೆ ಮೇಷ್ಟ್ರ ಗ್ಯಾರೇಜು. ತಮ್ಮ ಕೆಲಸಕ್ಕಿದ್ದದ್ದು ಅಲ್ಲೇ. ಸರ್ವೇಯರ ಕಾರು ಸರ್ವೀಸಿಗೆಂದು ಸೋಮವಾರದಿಂದ ಬುಧವಾರದವರೆಗೆ ನಿಂತಿದ್ದದ್ದೂ ಅಲ್ಲೇ. ಬುಧವಾರ ಬೆಳಿಗ್ಗೆ ಗಾಡಿ ಬಿಡಿಸಿಕೊಳ್ಳಲು ಬಂದ ಸರ್ವೇಯರು, ಬೆನ್ನು ನೋವು, ನೀನೇ ಓಡಿಸು ಎಂದು ತಮ್ಮನ ಕೈಗೆ ಕೀಲಿ ಕೊಟ್ಟಿದ್ದರು. ಅಕ್ಕ ತಮ್ಮ ಇಬ್ಬರಿಗೂ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರು ಮೇಷ್ಟ್ರು. ಗಾಡಿ ಆಚೆ ಬಿಡುವ ಮುಂಚೆ ಕೋಡ್ ಅಳಿಸಿ ಎಂದು ತಲೆಗೆ ಮೊಟಕಿ ಹೇಳಿಕೊಟ್ಟವರೂ ಅವರೇ.

ಇನ್ನೊಂದು ವಿಷಯವೂ ಕಡತದಲ್ಲಿತ್ತು. ಗುದ್ದಿದ ಕಾರುಗಳಿಂದ ತೆಗೆದ ಏರ್‌ಬ್ಯಾಗ್ ಬಾಕ್ಸುಗಳನ್ನು ಹೊಸದೆಂದು ಮಾರುತ್ತಿರುವವರ ಮೇಲೆ ಸರ್ವೇಯರು ವರದಿ ಬರೆಯುತ್ತಿದ್ದರು. ಮೇಷ್ಟ್ರಿಗೆ ಅದರಿಂದ ಕೆಲವು ದಿನಗಳಿಂದ ನಿದ್ದೆ ಇರಲಿಲ್ಲವಂತೆ. ಇನ್ಸ್‌ಪೆಕ್ಟರ್ ಮೇಷ್ಟ್ರ ಹೆಸರಿನ ಕೆಳಗೆ ಗೆರೆ ಎಳೆದರು. ಬಾಕ್ಸಕ್ಕ ಆ ಗೆರೆಯಿಂದ ಕಣ್ಣು ಹೊರಳಿಸಿದಳು. ತಮ್ಮ ಉಳಿಯಬೇಕು, ಅದು ಸರಿ. ಅದಕ್ಕೆ ಮೇಷ್ಟ್ರನ್ನು ಕೊಡಬೇಕೆಂದರೆ?

ಎಂಜಿನ್ ಬಾಕ್ಸಿನ ಒಳಗೆ ಇನ್ನಷ್ಟು ಇಳಿದಳು. ಅಲ್ಲಿದ್ದ ಪ್ರೋಗ್ರಾಮಿನ ಹೆಸರು ಓದಿ, ತಪ್ಪು ಓದಿದೆನೇನೋ ಎಂದು ಮತ್ತೊಮ್ಮೆ ಓದಿದಳು.

"ಇದು ರಸ್ತೆಗೆ ಬರೋ ಫೈಲೇ ಅಲ್ಲ ಸರ್. ಸ್ಟ್ಯಾಂಡ್ ಫೈಲು."

ತರಬೇತಿ ಶಾಲೆಗಳಲ್ಲಿ ಎಂಜಿನ್ನನ್ನು ಕಾರಿನಿಂದ ಇಳಿಸಿ ಕಬ್ಬಿಣದ ಸ್ಟ್ಯಾಂಡಿಗೆ ಕೂರಿಸಿ ಮಕ್ಕಳಿಗೆ ಪಾಠ ಮಾಡುತ್ತಾರೆ. ಅದಕ್ಕೆ ಚಕ್ರವಿಲ್ಲ, ಬ್ರೇಕಿಲ್ಲ, ಪೆಡಲಿಲ್ಲ. ಹಾಗಾಗಿ ಅದರ ಬಾಕ್ಸಿಗೆ ಬರೆಯುವ ಫೈಲು ಬ್ರೇಕಿನ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಹತ್ತು ನಿಮಿಷ ಓಡಿ ಎಂಜಿನ್ ಬಿಸಿಯಾದ ಮೇಲೆ, ಶಕ್ತಿ ಪರೀಕ್ಷೆಗೆಂದು ತಾನಾಗಿ ಪೂರ್ತಿ ಎಳೆಯಲು ಶುರುಮಾಡುತ್ತದೆ. ಪೆಟ್ರೋಲ್ ಎಂಜಿನ್ ಪೂರ್ತಿ ಎಳೆಯುವಾಗ ಪೆಡಲನ್ನು ಹಗುರ ಮಾಡಲು ಎಂಜಿನ್ನಿನಿಂದ ಬ್ರೇಕಿಗೆ ಸಿಗಬೇಕಾದ ಸಹಾಯ ನಿಂತುಹೋಗುತ್ತದೆ. ಎರಡು ಸಲ ಒತ್ತಿದರೆ ಮೂರನೇ ಸಲ ಪೆಡಲ್ ಕಲ್ಲು. ತಮ್ಮ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ.

ಇಂಥ ಫೈಲು ಬರೆಯುವವರು ಇಲ್ಲಿ ಎಷ್ಟು ಜನ ಇದ್ದಾರೆ ಎಂದು ಇನ್ಸ್‌ಪೆಕ್ಟರ್ ವಿಚಾರಿಸಿದರು. ಐದಾರು ಜನ ಇರಬಹುದು, ನಾನೂ ಬರೆಯುತ್ತೇನೆ, ಈ ವಾರವೇ ನಾಲ್ಕು ಬರೆದೆ ಎಂದು ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. ಬರೆದವನು ಯಾರು ಎನ್ನುವುದಕ್ಕೂ ಗುರುತು ಇರುತ್ತದೆ. ಬಾಕ್ಸಿಗೆ ಪ್ರೋಗ್ರಾಮ್ ಬರೆದ ಸ್ಕ್ಯಾನರಿನ ನಂಬರು ಬಾಕ್ಸಿನಲ್ಲೇ ಅಚ್ಚೊತ್ತಿಕೊಳ್ಳುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಎಂಟು ಅಂಕಿಯ ನಂಬರು ಬಂತು. ಅವಳು ಗಟ್ಟಿಯಾಗಿ ಓದಿದಳು, ಇನ್ಸ್‌ಪೆಕ್ಟರ್ ಬರೆದುಕೊಂಡರು, ಪೇದೆಯ ಮೊಬೈಲಿನಲ್ಲೂ ಅದು ದಾಖಲಾಯಿತು. ಸ್ಕ್ಯಾನರ್ ಮಾರುವ ಕಂಪನಿಗೆ ಕಳಿಸಿದರೆ ನಾಳೆ ಬೆಳಿಗ್ಗೆಯೊಳಗೆ ಮಾಲೀಕರು ಯಾರೆಂದು ತಿಳಿಯುತ್ತದೆ. ಅಷ್ಟು ಸಾಕು ಎಂದರು ಇನ್ಸ್‌ಪೆಕ್ಟರ್. ಬಲ್ಬಿನ ವಿಷಯಕ್ಕೆ ಅವಳ ಹೇಳಿಕೆ ಬರೆಸಿಕೊಂಡರೆ ಐದು ಗಂಟೆಗೆ ಅವಳ ತಮ್ಮನನ್ನು ಬಿಡಬಹುದು.

ಬಾಕ್ಸಕ್ಕನಿಗೆ ಅಲ್ಲೇ ಕೂತು ಅತ್ತುಬಿಡೋಣ ಎನ್ನಿಸಿತು. ಅಳಲಿಲ್ಲ. ಸ್ಕ್ಯಾನರನ್ನು ಬಗಲಿನ ಚೀಲಕ್ಕೆ ಹಾಕಿಕೊಂಡು, ಮೊದಲು ನಾನೇ ಹೋಗಿ ಅವನಿಗೆ ಹೇಳುತ್ತೇನೆ ಎಂದು ಕೇಳಿಕೊಂಡಳು. ಐದು ನಿಮಿಷ ಎಂದು ಇನ್ಸ್‌ಪೆಕ್ಟರ್ ಒಪ್ಪಿದರು.

ಭೇಟಿಯ ಕೋಣೆಯಲ್ಲಿ ಒಂದು ಮೇಜು, ಎರಡು ಸ್ಟೂಲು, ತಿರುಗುವುದಕ್ಕಿಂತ ಹೆಚ್ಚು ಗೊಣಗುವ ಒಂದು ಫ್ಯಾನು. ತಮ್ಮನ ಬಲಗೈ ಪಟ್ಟಿಯಲ್ಲಿ ಜೋತಾಡುತ್ತಿತ್ತು. ಮೂರು ದಿನದಲ್ಲಿ ಮೂರು ವರ್ಷ ದೊಡ್ಡವನಾದಂತೆ ಕಂಡ. ಅವಳು ಕೂರುವ ಮೊದಲೇ ಬಲ್ಬಿನಿಂದ ಹಿಡಿದು ಬಿಡುಗಡೆಯವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

ಅವನ ಮುಖದಲ್ಲಿ ಸಂತೋಷ ಮೂಡುತ್ತದೆಂದು ಕಾದಳು. ಇದ್ದ ಬಣ್ಣವೂ ಇಳಿದುಹೋಯಿತು.

"ಬಲ್ಬಿನ ವಿಷಯ ಅವರಿಗೆ ಹೇಳಿಬಿಟ್ಟೆಯಾ?"

"ಹೇಳದೆ?"

"ವಾಪಸ್ ತಗೋ ಅಕ್ಕಾ. ನಾನು ಬ್ರೇಕ್ ಒತ್ತಲಿಲ್ಲ ಅಂತಲೇ ಬರೆಸು. ತೂಕಡಿಕೆ ಬಂದಿತ್ತು ಅಂತ ನಾನೂ ಒಪ್ಕೊಳ್ತೀನಿ."

ಅವಳು ದಂಗಾಗಿ ಅವನನ್ನೇ ನೋಡಿದಳು. ಜೈಲಿಗೆ ಹೋಗುತ್ತೇನೆಂದು ಹಟ ಹಿಡಿಯುವವನನ್ನು ಅವಳು ಈವರೆಗೆ ಕಂಡಿರಲಿಲ್ಲ. ತಲೆಗೂ ಏಟು ಬಿದ್ದಿದೆಯಾ ಎಂದು ಬೈದಳು. ಆಮೇಲೆ ಅವಳಿಗೆ ಹೊಳೆಯಿತು, ಇವನು ಯಾರನ್ನೋ ಕಾಪಾಡುತ್ತಿದ್ದಾನೆ.

"ಮೇಷ್ಟ್ರಾ?"

ಅಲ್ಲ ಎಂದು ತಲೆಯಾಡಿಸಿದ. ಕಿವಿ ಕೆಂಪಗಾಗಲಿಲ್ಲ.

"ಬರೆದ ಸ್ಕ್ಯಾನರಿನ ನಂಬರ್ ತೆಗೆದೆಯಾ?" ಎಂದು ಕೇಳಿದ.

"ತೆಗೆದೆ. ಇನ್ಸ್‌ಪೆಕ್ಟರ್ ಹತ್ರ ಇದೆ."

ತಮ್ಮ ಕಣ್ಣು ಮುಚ್ಚಿಕೊಂಡ.

"ನಿನ್ನದನ್ನ ತಿರುಗಿಸಿ ನೋಡು."

ಆರು ವರ್ಷದಿಂದ ದಿನಾ ಕೈಯಲ್ಲಿ ಹಿಡಿಯುವ ಸಾಮಾನು, ಅದರ ಬೆನ್ನನ್ನು ಅವಳು ಒಂದು ದಿನವೂ ನೋಡಿರಲಿಲ್ಲ. ನೋಡಲು ಏನಿತ್ತು? ಚೀಲದಿಂದ ತೆಗೆದು ಮಗುಚಿದಳು. ಗ್ರೀಸು ಹಿಡಿದು ಕಪ್ಪಾಗಿದ್ದ ಚೀಟಿಯನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಮೊದಲ ಅಂಕಿ ಕಂಡಿತು, ಎರಡನೆಯದು ಕಂಡಿತು. ನಾಲ್ಕನೆಯದರವರೆಗೂ ಶೆಡ್ಡಿನಲ್ಲಿ ತಾನು ಗಟ್ಟಿಯಾಗಿ ಓದಿದ ಅಂಕಿಗಳೇ. ಎಂಟನೆಯದನ್ನು ತಿಕ್ಕಲು ಅವಳಿಗೆ ಧೈರ್ಯ ಬರಲಿಲ್ಲ. ತಿಕ್ಕಿದಳು, ಅದೂ ಅದೇ ಆಗಿತ್ತು.

ಸ್ಕ್ಯಾನರನ್ನು ಮೊದಲಿನಂತೆ ಮಗುಚಿ ಮೇಜಿನ ಮೇಲಿಟ್ಟಳು.

"ಸೋಮವಾರ," ಎಂದ ತಮ್ಮ ಮೆಲ್ಲಗೆ. "ಪೇಪರಿನಲ್ಲಿ ಸುತ್ತಿ ಒಂದು ಬಾಕ್ಸ್ ತಂದಿದ್ದೆ."

ತಂದಿದ್ದ. ಅವಳು ಆಗ ಬಿಡಿಭಾಗದ ಅಂಗಡಿಯವನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದಳು. ಸ್ಟ್ಯಾಂಡ್ ಫೈಲ್ ಬೇಕಂತೆ ಎಂದಿದ್ದ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಬರೆದಳು. ಯಾವ ಗಾಡಿಯದು ಎಂದು ಅವಳ ಮೇಜಿನಲ್ಲಿ ಕೇಳುವ ಪದ್ಧತಿಯೇ ಇಲ್ಲ. ಪರದೆಯ ಮೇಲೆ ಗಾಡಿಯ ನಂಬರು ಬಂದೇ ಬರುತ್ತದೆ, ಅದನ್ನು ನೋಡುವ ಪದ್ಧತಿಯೂ ಇಲ್ಲ. ನನ್ನ ಹತ್ತಿರ ಬರುವ ಬಾಕ್ಸಿಗೆ ಜಾತಕ ಬೇಡ ಎಂದು ಜಂಬದಿಂದ ಹೇಳಿಕೊಂಡು ತಿರುಗುವವಳು ತಾನೇ. ಬರೆದು ಮುಗಿಸಿ, ಕೈ ತೊಳೆದಂತೆ, ಕೋಡ್ ಅಳಿಸಿದ್ದಳು.

ಶೆಡ್ಡಿನಲ್ಲಿ ನಿಂತು, ಇವನು ಕಸುಬಿನವನು, ಅಳಿಸಿದ್ದಕ್ಕೇ ಸಿಕ್ಕಿಬಿದ್ದ ಎಂದು ಭಾಷಣ ಬಿಗಿದದ್ದು ತನ್ನ ಬಗ್ಗೆಯೇ.

"ರಸ್ತೆ ಗಾಡಿಗೆ ಹಾಕಬೇಡಿ, ಬ್ರೇಕ್ ಕೇಳಲ್ಲ ಅಂತ ನೀನು ಹೇಳಿದ್ದೆ," ಎಂದ ತಮ್ಮ. ಪೆಡಲ್ ಕಲ್ಲಾದ ಕ್ಷಣವೇ ಆ ಮಾತು ನೆನಪಾಯಿತಂತೆ. ಸ್ಟ್ರೆಚರಿನ ಮೇಲೆ ಬಾಯಿತಪ್ಪಿ ಹೇಳಿದ್ದನ್ನು ನೆನೆದು, ಆಸ್ಪತ್ರೆಯಲ್ಲಿ ಇಡೀ ದಿನ ನಾಲಿಗೆ ಕಚ್ಚಿಕೊಂಡನಂತೆ. "ನಾನು ನಿದ್ದೆ ಮಾಡಿದೆ ಅಂದ್ರೆ ಎರಡು ವರ್ಷ. ಬಾಕ್ಸ್ ಬರೆದಿದ್ದು ನೀನು ಅಂದ್ರೆ ಅದು ಕೊಲೆ ಅಕ್ಕಾ. ಅದಕ್ಕೇ."

ಬಾಲ್ಯದಲ್ಲಿ ಅವಳು ಒಡೆದ ಗಾಜಿಗೆ ಪೆಟ್ಟು ತಿಂದದ್ದೂ ಇವನೇ. ಅವಳಿಗೆ ಅವನ ಕೆನ್ನೆಗೊಂದು ಬಾರಿಸಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ.

"ನಿನ್ನ ಕೈಗೆ ಅದನ್ನ ಕೊಟ್ಟವರು ಯಾರು?"

ಅವನು ಬಾಯಿ ತೆರೆಯುವ ಮೊದಲೇ ಬಾಗಿಲು ತೆರೆಯಿತು. ಇನ್ಸ್‌ಪೆಕ್ಟರ್ ಹೇಳಿಕೆಯ ಕಾಗದ ಹಿಡಿದು ಬಂದರು. ಎಲ್ಲ ಬರೆದಾಗಿತ್ತು. ಬ್ರೇಕ್ ಒತ್ತಲಾಗಿತ್ತು, ಬಾಕ್ಸನ್ನು ತಿದ್ದಲಾಗಿತ್ತು, ಚಾಲಕ ನಿರ್ದೋಷಿ. ಕೆಳಗೆ ಅವಳ ರುಜು ಒಂದು ಬಾಕಿ. ಗಂಟೆ ನಾಲ್ಕೂಮುಕ್ಕಾಲು.

ಮೇಜಿನ ಕೆಳಗೆ ತಮ್ಮ ಅವಳ ಕಾಲು ಒತ್ತಿದ. ಸುಮ್ಮನಿರು ಎಂಬುದು ಅದರ ಅರ್ಥ. ಸುಮ್ಮನಿದ್ದರೆ ಬೆಳಗಿನವರೆಗೆ ಸಮಯವಿತ್ತು. ಆದರೆ ಬೆಳಿಗ್ಗೆ ಹೆಸರು ಬಂದ ಮೇಲೆ, ಕೊಲೆ ಮಾಡಿದವಳು ತನ್ನ ತಮ್ಮನನ್ನು ಬಿಡಿಸಿಕೊಳ್ಳಲು ಸಾಕ್ಷಿ ಸೃಷ್ಟಿಸಿದಳು ಎನ್ನುತ್ತಾರೆ. ಆಗ ಬಲ್ಬನ್ನು ಯಾರು ನಂಬುತ್ತಾರೆ? ಬಲ್ಬು ಬಿದ್ದುಹೋದರೆ ಇವನೂ ಹೋದ.

"ರುಜು ಆಮೇಲೆ ಹಾಕ್ತೀನಿ ಸರ್," ಎಂದಳು. "ಮೊದಲು ಇನ್ನೊಂದು ಬರ್ಕೊಳ್ಳಿ. ಆ ನಂಬರು ಈ ಸ್ಕ್ಯಾನರಿಂದು. ಆ ಫೈಲ್ ಬರೆದವಳು ನಾನೇ."

ಸ್ಕ್ಯಾನರನ್ನು ಮಗುಚಿ ಅವರ ಮುಂದೆ ತಳ್ಳಿದಳು.

ಇನ್ಸ್‌ಪೆಕ್ಟರ್ ಕಾಗದದ ನಂಬರನ್ನೂ ಚೀಟಿಯ ನಂಬರನ್ನೂ ಎರಡು ಸಲ ತಾಳೆ ನೋಡಿದರು. ಕೂರಲು ಸ್ಟೂಲಿಲ್ಲದೆ ಗೋಡೆಗೆ ಒರಗಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಹುಡುಕಿ, ಓದಿ ಹೇಳಿ, ಬರೆಸಿದವರನ್ನು ಅವರೂ ನೋಡಿರಲಿಲ್ಲ.

ಸೋಮವಾರ ತಮ್ಮ ತಂದುಕೊಟ್ಟ ಬಾಕ್ಸು ಅದು, ಯಾವ ಗಾಡಿಯದೆಂದು ತನಗೆ ತಿಳಿದಿರಲಿಲ್ಲವೆಂದು ಅವಳು ಹೇಳಿದಳು. ಅದನ್ನು ಹೇಳುವಾಗಲೇ ಅದು ಎಷ್ಟು ಬಡಕಲು ಮಾತು ಎಂದು ಅವಳಿಗೆ ಕೇಳಿಸಿತು. ಇನ್ಸ್‌ಪೆಕ್ಟರ್ ನಿಧಾನವಾಗಿ ತಮ್ಮನ ಕಡೆ ತಿರುಗಿದರು.

"ತಗೊಂಡು ಹೋಗಿ ಕೊಟ್ಟವನು ನೀನು. ನಿನಗೆ ಕೊಟ್ಟವರು?"

"ಹೇಳಿದ್ರೆ ನೀವು ನಂಬಲ್ಲ ಸರ್."

"ನಂಬೋದು ಬಿಡೋದು ನನ್ನ ಕೆಲಸ. ಹೇಳೋದು ನಿನ್ನದು."

ತಮ್ಮ ಅಕ್ಕನ ಮುಖ ನೋಡಿದ. ಅವಳು ತಲೆಯಾಡಿಸಿದಳು. ಇನ್ನು ಮುಚ್ಚಿಡಲು ಏನು ಉಳಿದಿದೆ, ಹೇಳಿಬಿಡು.

"ನಿಮ್ಮ ಅಕ್ಕನ ಹತ್ತಿರವೇ ಬರೆಸಬೇಕು, ಬೇರೆಯವರ ಹತ್ತಿರ ಬೇಡ ಅಂದ್ರು. ನನ್ನ ಹೆಸರು ಹೇಳಬೇಡ ಅಂತಲೂ ಅಂದ್ರು. ಯಾಕೆ ಅಂತ ನಾನು ಕೇಳಲಿಲ್ಲ. ಬರೆಸಿ ತಂದು ಅವರ ಕೈಗೇ ವಾಪಸ್ ಕೊಟ್ಟೆ. ಗಾಡಿಗೆ ಯಾರು ಕೂರಿಸಿದ್ರೋ ನಾನು ನೋಡಿಲ್ಲ, ದೇವರಾಣೆ."

"ಯಾರಪ್ಪಾ ಅಂದಿದ್ದು?"

ಅವನ ಕಿವಿ ಕೆಂಪಗಾಗುತ್ತದೆಯೇ ಎಂದು ಬಾಕ್ಸಕ್ಕ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆಗಲಿಲ್ಲ.

"ಸರ್ವೇಯರು."

ಈ ಪ್ರಕರಣದಲ್ಲಿ ಸರ್ವೇಯರ್ ಎಂಬ ಮನುಷ್ಯ ಒಬ್ಬರೇ ಇದ್ದರು. ಆದರೂ ಇನ್ಸ್‌ಪೆಕ್ಟರ್, ಯಾವ ಸರ್ವೇಯರು ಎಂದು ಕೇಳಿಯೇ ಕೇಳಿದರು.

"ನನ್ನ ಪಕ್ಕದ ಸೀಟಿನಲ್ಲಿ ಕೂತು ಸತ್ತರಲ್ಲ ಸರ್," ಎಂದ ತಮ್ಮ. "ಅವರೇ."